ರೂಪಾಯಿ ತೂಕ

ಅಜ್ಜಿಯ ಕಷಾಯಪುಡಿಯ ಲೆಕ್ಕ ಹಳೆಯ ನೋಟುಪುಸ್ತಕವೊಂದರ ಕೊನೆಯ ಹಾಳೆಯಲ್ಲಿತ್ತು. ಕೊತ್ತಂಬರಿ ಹತ್ತು ರೂಪಾಯಿ, ಜೀರಿಗೆ ಐದು ರೂಪಾಯಿ, ಮೆಂತೆ ಒಂದು, ಒಳ್ಳೆಮೆಣಸು ಒಂದು. ಚಿಕ್ಕಂದಿನಲ್ಲಿ ನಾನು ಅದನ್ನು ಅಂಗಡಿಯ ಕ್ರಯ ಎಂದುಕೊಂಡಿದ್ದೆ. ಅಜ್ಜಿ ಅಟ್ಟದಿಂದ ತಕ್ಕಡಿ ಇಳಿಸಿ, ಮರದ ಕರಡಿಗೆಯಿಂದ ಹತ್ತು ಬೆಳ್ಳಿ ನಾಣ್ಯ ಎಣಿಸಿ ಒಂದು ತಟ್ಟೆಗೆ ಹಾಕಿದ ದಿನ ತಿಳಿಯಿತು, ಅದು ಕ್ರಯವಲ್ಲ, ತೂಕ. ಇನ್ನೊಂದು ತಟ್ಟೆಗೆ ಕೊತ್ತಂಬರಿ ಸುರಿದು, ಮುಳ್ಳು ನೆಟ್ಟಗೆ ನಿಂತ ಮೇಲೆ ನಾಣ್ಯಗಳನ್ನು ಸೆರಗಿನಲ್ಲಿ ಒರೆಸಿ ಮತ್ತೆ ಕರಡಿಗೆಗೆ. ಅವನ್ನು ಎಂತಗೆ ಖರ್ಚು ಮಾಡುವುದಿಲ್ಲ ಎಂದು ಕೇಳಿದ್ದಕ್ಕೆ, "ನೋಟಿನ ಒರಳೆ (ಗೆದ್ದಲು) ತಿಂಗು, ಬೆಳ್ಳಿಯ ತಿನ್ನ ಮಾಣಿ" ಎಂದಿದ್ದರು.

ಆ ಕರಡಿಗೆ ಈಗ ನನ್ನ ಬಳಿ ಇದೆ. ಅದರ ಜೊತೆ ಇನ್ನೂ ಮೂರು ಡಬ್ಬಿಗಳು ಸೇರಿವೆ. ಬೆಳ್ಳಾರೆಯ ಒಳಗಿನ ನಮ್ಮ ತೋಟದಲ್ಲಿ ಪ್ರತಿವರ್ಷ ಅಡಿಕೆ ಸುಲಿದು ಹೆಕ್ಕಿದ ಮೇಲೆ ಒಳ್ಳೆಯ ಅಡಿಕೆಯ ದುಡ್ಡು ಮನೆಗೆ, ಮಕ್ಕಳ ಫೀಸಿಗೆ, ಗೊಬ್ಬರಕ್ಕೆ, ಮದ್ದು ಬಿಡುವವರ ಸಂಬಳಕ್ಕೆ ಹೋಗುತ್ತದೆ. ಕಳಪೆ ಅಡಿಕೆ, ಅಂದರೆ ಪಟೋರ, ಕರಿಗೋಟು ಮಾರಿದ ದುಡ್ಡು ಮಾತ್ರ ಬೆಳ್ಳಿಗೆ. ಮೂವತ್ತು ವರ್ಷದಿಂದ ಇದೇ ಪದ್ಧತಿ. ಕೆಲವು ವರ್ಷ ಐದು ನಾಣ್ಯ, ಕೆಲವು ವರ್ಷ ಒಂದೇ ಒಂದು. ಕೊಳೆರೋಗ ಜೋರಾಗಿದ್ದ ಒಂದು ಮಳೆಗಾಲದ ನಂತರ ಎಲ್ಲಕ್ಕಿಂತ ಹೆಚ್ಚು ನಾಣ್ಯ ಕೊಂಡೆ. ಆ ವರ್ಷ ಉಳಿದದ್ದೆಲ್ಲ ಕರಿಗೋಟೇ ಆಗಿತ್ತು.

ಈ ಬ್ರಿಟಿಷ್ ರೂಪಾಯಿಯ ತೂಕ ನನಗೆ ಬಾಯಿಪಾಠ. 11.66 ಗ್ರಾಂ, ಅಂದರೆ ಒಂದು ತೊಲ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ಶುದ್ಧ ಬೆಳ್ಳಿಯ ಲೆಕ್ಕದಲ್ಲಿ 10.69 ಗ್ರಾಂ. ಈಸ್ಟ್ ಇಂಡಿಯಾ ಕಂಪನಿ ತನ್ನ ಆಡಳಿತದ ಊರುಗಳಿಗೆಲ್ಲ ಒಂದೇ ಬಗೆಯ ರೂಪಾಯಿ ಎಂದು 1835ರಲ್ಲಿ ಗೊತ್ತುಮಾಡಿದ ಮೇಲೆ ವಿಲಿಯಂ, ವಿಕ್ಟೋರಿಯಾ, ಎಡ್ವರ್ಡ್, ಐದನೆಯ ಜಾರ್ಜ್ ಎಂದು ಮುಖಗಳು ಬದಲಾದವು, ತೂಕ ಬದಲಾಗಲಿಲ್ಲ. ನೂರು ವರ್ಷ ಒಂದೇ ತೂಕ! ಅಜ್ಜಿಯಂಥವರು ಅದನ್ನು ತಕ್ಕಡಿಗೆ ಹಾಕಿದ್ದು ಅದಕ್ಕೇ.

ಕೊಳ್ಳುವಾಗ ಕಣ್ಣಿಗಿಂತ ಮೊದಲು ಕಿವಿ ಕೆಲಸ ಮಾಡಬೇಕು. ನಾಣ್ಯವನ್ನು ಬೆರಳತುದಿಯ ಮೇಲೆ ನಿಲ್ಲಿಸಿ ಇನ್ನೊಂದರ ಅಂಚಿನಿಂದ ಮೆಲ್ಲಗೆ ತಟ್ಟಿದರೆ ಒಳ್ಳೆಯ ಬೆಳ್ಳಿ ದೇವರಕೋಣೆಯ ಗಂಟೆಯ ಹಾಗೆ ಉದ್ದಕ್ಕೆ ಹಾಡುತ್ತದೆ. ಅಚ್ಚಿನಲ್ಲಿ ಎರಕ ಹೊಯ್ದ ನಕಲಿ ಟಪ್ ಎಂದು ಸುಮ್ಮನಾಗುತ್ತದೆ. ಆಮೇಲೆ ತೂಕ, ಆಮೇಲೆ ಅಂಚಿನ ಗೀರು, ಆಮೇಲೆ ಇಸವಿ. ಮುಷ್ಟಿಯಲ್ಲಿ ಹಿಡಿದರೂ ಗೊತ್ತಾಗುತ್ತದೆ. ಲೋಹಗಳಲ್ಲೆಲ್ಲ ಶಾಖವನ್ನು ಬೇಗ ಹರಿಸುವುದು ಬೆಳ್ಳಿ, ಹಾಗಾಗಿ ಅದು ಕ್ಷಣದಲ್ಲಿ ಕೈಯಷ್ಟೇ ಬೆಚ್ಚಗಾಗುತ್ತದೆ. ಇದನ್ನೆಲ್ಲ ಕಲಿಸಿದವರು ಪುತ್ತೂರಿನ ಒಬ್ಬರು ಆಚಾರ್ರು. ನಾನು ಮೊದಲ ನಾಣ್ಯ ಆರಿಸುವಾಗ ಹೊಳೆಯುವುದನ್ನೇ ಎತ್ತಿದೆ. "ಭಟ್ರೇ, ಹೊಳಪಿಗೆ ಯಾಕೆ ದುಡ್ಡು ಕೊಡ್ತೀರಿ? ಸವೆದದ್ದು ತೆಗೊಳ್ಳಿ, ಬೆಳ್ಳಿ ಅದರಲ್ಲೂ ಉಂಟು" ಎಂದರು.

ಅಂದಿನಿಂದ ನನಗೆ ಸವೆದ ನಾಣ್ಯದ ಮೇಲೆಯೇ ಪ್ರೀತಿ. ಸಂಗ್ರಹಕಾರರಿಗೆ ಅಚ್ಚಿನ ಗೆರೆ ಗೆರೆಯೂ ಚೂಪಾಗಿರಬೇಕು, ಅದಕ್ಕೆ ಬೇರೆಯೇ ಬೆಲೆ. ಸವೆದದ್ದನ್ನು ಬರೀ ತೂಕಕ್ಕೆ ಮಾರುತ್ತಾರೆ. ನನ್ನಲ್ಲಿ 1862ರ ಒಂದು ರೂಪಾಯಿ ಇದೆ, ರಾಣಿಯ ಕೆನ್ನೆ ಹೊಳೆಕಲ್ಲಿನ ಹಾಗೆ ನುಣುಪಾಗಿದೆ. ನನ್ನ ತಕ್ಕಡಿಯಲ್ಲಿ ಅದು ಇನ್ನೂ 11.3 ಗ್ರಾಂ ತೂಗುತ್ತದೆ. ಎಷ್ಟು ಸೊಂಟದ ಚೀಲಗಳಲ್ಲಿ ಓಡಾಡಿ, ಎಷ್ಟು ಗೇಣಿಯಾಗಿ, ಎಷ್ಟು ಮದುವೆಯ ಮುಯ್ಯಾಗಿ ಅದು ಕಳೆದುಕೊಂಡದ್ದು ಒಂದು ಗ್ರಾಂನ ಮೂರನೆಯ ಒಂದು ಪಾಲು ಮಾತ್ರ.

ಒಮ್ಮೆ ಕಡಬದ ಕಡೆಯ ನೆಂಟರ ಮನೆಯಲ್ಲಿ ಪಾಲು ಆಗುವಾಗ ನಾಣ್ಯ ಹಂಚಲು ನನ್ನನ್ನು ಕರೆದರು. ಹಿತ್ತಾಳೆಯ ಚೆಂಬಿನಲ್ಲಿ ನಲವತ್ತೆರಡು ರೂಪಾಯಿ, ಮೂವರು ಮಕ್ಕಳು, ತಲೆಗೆ ಹದಿನಾಲ್ಕು. ಅವರೇ ಎಣಿಸಿ ಗುಪ್ಪೆ ಹಾಕಿ ಮುಗಿಸಿದ್ದರು, ನಾನು ನೋಡಿ ಹೂಂ ಎಂದರೆ ಸಾಕಿತ್ತು. ಹಿರಿಯ ಅಕ್ಕನ ಗುಪ್ಪೆಯಿಂದ ಒಂದನ್ನು ಎತ್ತಿ ತಟ್ಟಿದೆ. ಸದ್ದು ಬೇಗ ಇಂಗಿತು. ತಿರುಗಿಸಿದರೆ 1944. 1940ರಲ್ಲಿ, ಯುದ್ಧದ ನಡುವೆ, ಸರಕಾರ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು; ಉಳಿದರ್ಧ ತಾಮ್ರ, ನಿಕ್ಕಲ್, ಸತು. ಬಳಿಕ ಮೂರೇ ವರ್ಷಗಳಲ್ಲಿ ಹಳೆಯ ಒಳ್ಳೆಯ ಬೆಳ್ಳಿಯ ರೂಪಾಯಿಗಳನ್ನೆಲ್ಲ ಚಲಾವಣೆಯಿಂದ ಹಿಂದಕ್ಕೆ ಕರೆಯಿತು. ಅಕ್ಕನ ಹದಿನಾಲ್ಕರಲ್ಲಿ ಒಂಬತ್ತು ಆರನೆಯ ಜಾರ್ಜನ ಈ ಅರೆಬೆಳ್ಳಿಯವು, ತಮ್ಮನ ಗುಪ್ಪೆಯಲ್ಲಿ ಒಂದೂ ಇರಲಿಲ್ಲ. ಯಾರೂ ಬೇಕೆಂದು ಮಾಡಿದ್ದಲ್ಲ. ಎಲ್ಲವನ್ನೂ ಮತ್ತೆ ಚಾಪೆಯ ಮೇಲೆ ಸುರಿದು, ಒಂದೊಂದನ್ನೇ ತಟ್ಟಿ ಕೇಳಿ ಬೇರೆ ಮಾಡಿದೆವು. ಮಧ್ಯಾಹ್ನದ ಊಟ ಮೂರು ಗಂಟೆಗಾಯಿತು. ಅಕ್ಕ ಕೊನೆಗೆ ತಾನೇ ತಟ್ಟಿ, ಕಣ್ಣು ಮುಚ್ಚಿಕೊಂಡು, "ಇದು ಅರ್ಧ, ಇದು ಇಡೀ" ಎಂದು ಹೇಳುವಷ್ಟು ಪಳಗಿದ್ದಳು.

ಅಂದು ಅವರಿಗೆ ಪಕ್ಕಪಕ್ಕ ಇಟ್ಟು ತೋರಿಸಿದ ಮೂರು ನಾಣ್ಯಗಳನ್ನು ಈಗಲೂ ಯಾರು ಕೇಳಿದರೂ ತೋರಿಸುತ್ತೇನೆ. 1919ರದ್ದು, 1944ರದ್ದು, 1947ರದ್ದು. ಮೂರರ ಮೇಲೂ ಬರೆದಿರುವುದು ಒಂದೇ ರೂಪಾಯಿ. ಮೊದಲನೆಯದರಲ್ಲಿ 10.69 ಗ್ರಾಂ ಬೆಳ್ಳಿ, ಎರಡನೆಯದರಲ್ಲಿ 5.83, ಮೂರನೆಯದರಲ್ಲಿ ಏನೂ ಇಲ್ಲ. ಅದು ಬರೀ ನಿಕ್ಕಲ್, ಆಯಸ್ಕಾಂತ ಹಿಡಿದರೆ ಹಾರಿ ಅಂಟುತ್ತದೆ. ಹಣದುಬ್ಬರ ಎಂಬ ಮಾತನ್ನು ನಾನು ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಅರ್ಥವಾದದ್ದು ಈ ಮೂರನ್ನು ಅಂಗೈಯಲ್ಲಿ ಹಿಡಿದಾಗ.

ಇನ್ನೊಂದು ಜೋಡಿ ಇದಕ್ಕಿಂತಲೂ ಮುದ್ದು. ಗಾಂಧೀಜಿಯ ಜನ್ಮಶತಾಬ್ದಿಗೆ 1969ರಲ್ಲಿ ಹತ್ತು ರೂಪಾಯಿಯ ಬೆಳ್ಳಿ ನಾಣ್ಯ ಬಂತು: 15 ಗ್ರಾಂ ತೂಕ, ನೂರಕ್ಕೆ ಎಂಬತ್ತು ಪಾಲು ಬೆಳ್ಳಿ. ಅದೇ ವರ್ಷ, ಅದೇ ನೆನಪಿಗೆ, ಸೇವಾಗ್ರಾಮದ ಕುಟೀರದ ಮುಂದೆ ಗಾಂಧೀಜಿ ಕುಳಿತ ಚಿತ್ರದ ಹತ್ತು ರೂಪಾಯಿಯ ನೋಟೂ ಬಂತು. ಅಪ್ಪ ಎರಡನ್ನೂ ತೆಗೆದಿಟ್ಟಿದ್ದರು, ಹಳೆಯ ಪಂಚಾಂಗದೊಳಗೆ ನೋಟು, ಕರಡಿಗೆಯೊಳಗೆ ನಾಣ್ಯ. ನೋಟು ಈಗಲೂ ಹತ್ತೇ ರೂಪಾಯಿ. ಸುಳ್ಯದ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಒಂದು ಚಾಕ್ಕೂ ಸಾಲುವುದಿಲ್ಲ. ನಾಣ್ಯದೊಳಗೆ ಹನ್ನೆರಡು ಗ್ರಾಂ ಬೆಳ್ಳಿ ಹಾಗೆಯೇ ಕೂತಿದೆ. ಕಿಲೋಗೆ ಒಂದು ಲಕ್ಷ ಎಂದು ಹಿಡಿದರೂ ಸಾವಿರದ ಇನ್ನೂರಾಯಿತು.

ಆದರೆ ಬೆಳ್ಳಿ ಏರುತ್ತಲೇ ಇರುತ್ತದೆ ಎಂದು ನಾನು ಯಾರಿಗೂ ಹೇಳಿದವನಲ್ಲ. 2011ರ ಏಪ್ರಿಲಿನಲ್ಲಿ ಕಿಲೋಗೆ 70,000 ದಾಟಿದಾಗ ಊರಲ್ಲಿ ಕೆಲವರು ಸಾಲ ಮಾಡಿ ಗಟ್ಟಿ ಕೊಂಡರು. ನಾಲ್ಕೈದು ವರ್ಷದಲ್ಲಿ ಅದು ಅರ್ಧಕ್ಕೆ ಬಂತು. ಮತ್ತೆ ಆ ಮಟ್ಟ ಕಂಡದ್ದು 2020ರ ಆಗಸ್ಟಿನಲ್ಲಿ. 1980ರಲ್ಲಿ ಅಮೆರಿಕದ ಹಂಟ್ ಸೋದರರು ಲೋಕದ ಬೆಳ್ಳಿಯನ್ನೆಲ್ಲ ಬಾಚಲು ಹೊರಟಾಗ ಔನ್ಸಿಗೆ 50 ಡಾಲರಿನ ಹತ್ತಿರ ಹೋದ ಬೆಲೆ, ಮಾರ್ಚ್ 27ರ ಗುರುವಾರ ಕುಸಿದು ಬಿತ್ತು. ಆ ಐವತ್ತನ್ನು ದಾಟಿ ನಿಲ್ಲಲು 2025ರ ಅಕ್ಟೋಬರ್ ಬರಬೇಕಾಯಿತು. ನಲವತ್ತೈದು ವರ್ಷ, ಹೆಚ್ಚುಕಡಿಮೆ ಒಂದು ತೆಂಗಿನ ಮರದ ಒಳ್ಳೆಯ ಫಸಲಿನ ಕಾಲ. ಅವಸರಕ್ಕೆ ದುಡ್ಡು ಬೇಕಾದವರು ಬೆಳ್ಳಿ ಕೊಳ್ಳಬಾರದು ಎಂದೇ ನನ್ನ ಅಭಿಪ್ರಾಯ. ಅಡಿಕೆಗಿಡ ಇಟ್ಟು ಐದಾರು ವರ್ಷ ಕಾಯುವ ರೂಢಿ ಇರುವ ನಮಗೆ ಅದು ಒಗ್ಗುತ್ತದೆ.

ಕಾಯುವ ತೋಟವೇ ಹೋದರೆ? ಸಂಪಾಜೆ, ಅರಂತೋಡು, ತೊಡಿಕಾನದ ಕಡೆ ಹಳದಿ ಎಲೆ ರೋಗದಿಂದ ಬೋಳಾದ ತೋಟಗಳ ನಡುವೆ ನಡೆದಿದ್ದೇನೆ. ಚಂಡೆ (ಮರದ ತುದಿ) ಸಪೂರವಾಗುತ್ತ ಬಂದು, ಸೋಗೆ ಹಳದಿಯಾಗಿ, ಕೊನೆಗೆ ಕಂಬ ಮಾತ್ರ ಉಳಿಯುತ್ತದೆ. ಅಲ್ಲಿಂದ ಮನೆಗೆ ಬಂದ ರಾತ್ರಿ ಡಬ್ಬಿಯನ್ನು ತೆಗೆದು ಸುಮ್ಮನೆ ಎಣಿಸಿದ್ದೆ.

ಬೆಳ್ಳಿ ರೂಪಾಯಿಗೆ ನಮ್ಮ ಸೀಮೆಯಲ್ಲಿ ಇನ್ನೊಂದು ಕಥೆಯೂ ಉಂಟು, ಅದು ಸಿಹಿಯಲ್ಲ. 1834ರಲ್ಲಿ ಕೊಡಗು ಕಂಪನಿಯ ಕೈಸೇರಿದಾಗ ಅಮರಸುಳ್ಯ, ಪುತ್ತೂರು ಸೀಮೆಯನ್ನು ಕೆನರಾಕ್ಕೆ ಸೇರಿಸಿದರು. ಕೊಡಗಿನ ಅರಸರ ಕಾಲದಲ್ಲಿ ಬೆಳೆದದ್ದರಲ್ಲೇ ತೆರಿಗೆ ಅಳೆದು ಕೊಡುತ್ತಿದ್ದವರು ಈಗ ನಾಣ್ಯದಲ್ಲಿ ಕಟ್ಟಬೇಕು. ರೂಪಾಯಿಗಾಗಿ ಭತ್ತವನ್ನು ವ್ಯಾಪಾರಿ ಹೇಳಿದ ಕ್ರಯಕ್ಕೆ ಕೊಡಬೇಕು. 1837ರ ರೈತರ ದಂಗೆಗೆ, ಜನ ಕಲ್ಯಾಣಪ್ಪನ ಕಾಟಕಾಯಿ ಎಂದು ಕರೆದದ್ದಕ್ಕೆ, ಇದೂ ಒಂದು ಕಾರಣ. ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಜೊತೆಗಿದ್ದವರು ಮೊದಲು ಹಿಡಿದದ್ದೇ ನಮ್ಮ ಬೆಳ್ಳಾರೆಯ ಖಜಾನೆಯನ್ನು. ಅಲ್ಲಿಂದ ಹೊರಟ ದಂಡು ಮಂಗಳೂರಿನವರೆಗೆ ಹೋಗಿ ಬಾವುಟಗುಡ್ಡೆಯಲ್ಲಿ ತನ್ನ ಬಾವುಟ ಏರಿಸಿತು. ವಿಲಿಯಂ ರಾಜನ ತಲೆಯಿರುವ 1835ರ ರೂಪಾಯಿ ನನ್ನಲ್ಲಿ ಒಂದೇ ಇರುವುದು. ಆ ಖಜಾನೆಯಿದ್ದ ಬಂಗ್ಲೆಗುಡ್ಡೆಯ ದಾರಿಯಲ್ಲಿ ಹೋಗುವಾಗಲೆಲ್ಲ ಅದು ನೆನಪಾಗುತ್ತದೆ. ಯಾರ ಅಂಗಳದ ಭತ್ತ ಅದಾಗಿ ಮಾರ್ಪಟ್ಟಿತೋ.

ಹಾಗೆ ಕಟ್ಟಿದವರ ಮೊಮ್ಮಕ್ಕಳೇ ಮುಂದೆ ಅದನ್ನು ಕೂಡಿಟ್ಟರು. ಮೊದಲ ಮಹಾಯುದ್ಧದ ಕಾಲಕ್ಕೆ ದೇಶದ ತುಂಬ ಜನ ಎಷ್ಟು ಬೆಳ್ಳಿ ಒಳಗಿಟ್ಟರೆಂದರೆ, 1917ರಲ್ಲಿ ಸರಕಾರ ಒಂದು ರೂಪಾಯಿಯ ಕಾಗದದ ನೋಟು ತರಬೇಕಾಯಿತು, ಮರುವರ್ಷ ಅಮೆರಿಕದಿಂದ ಬೆಳ್ಳಿ ತರಿಸಬೇಕಾಯಿತು. ನಮ್ಮಲ್ಲಿ ಕೂಡಿಟ್ಟದ್ದು ಬಹಳಷ್ಟು ಕರಗಿಯೂ ಹೋಯಿತು, ಮಗುವಿನ ನೇವಳಕ್ಕೆ, ದೈವದ ಮೊಗಕ್ಕೆ, ಸುಬ್ರಹ್ಮಣ್ಯಕ್ಕೆ ಹರಕೆ ಹೇಳಿದ ನಾಗನ ಹೆಡೆಗೆ. ಅದು ನಷ್ಟ ಎಂದು ನನಗೆ ಅನಿಸಿಲ್ಲ. ಕೋಲದ ರಾತ್ರಿ ದೊಂದಿಯ ಬೆಳಕಿನಲ್ಲಿ ಆ ಮೊಗ ಮಿನುಗುವಾಗ ಅದರೊಳಗೆ ಎಷ್ಟು ರಾಣಿಯರಿದ್ದಾರೋ ಎಂದುಕೊಳ್ಳುತ್ತೇನೆ.

ಉಳಿದವನ್ನು ಕಾಪಾಡುವುದೇ ನನ್ನ ಪಾಲಿನ ಕೆಲಸ. ನಮ್ಮ ಮಳೆಗಾಲ ಬೆಳ್ಳಿಗೆ ಒಳ್ಳೆಯದಲ್ಲ. ರಬ್ಬರ್ ಬ್ಯಾಂಡ್ ಅಂತೂ ಕೂಡದು, ಅದರ ಗಂಧಕ ಒಂದೇ ವರ್ಷದಲ್ಲಿ ನಾಣ್ಯದ ಮೇಲೆ ಕರಿಯ ಪಟ್ಟಿ ಎಳೆಯುತ್ತದೆ. ರಬ್ಬರ್ ಶೀಟ್ ಒಣಗಿಸುವ ಕೋಣೆಯ ಹತ್ತಿರವೂ ಇಡುವುದಿಲ್ಲ. ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡುತ್ತೇನೆ. ಹುಣಸೆಹುಳಿ ಹಾಕಿ ತಿಕ್ಕುವುದಿಲ್ಲ, ಹಾಗೆ ತಿಕ್ಕಿದರೆ ಬೂದುಬಣ್ಣದ ಹಳೆಯ ಪೊರೆಯೊಂದಿಗೆ ಬೆಳ್ಳಿಯೂ ಸ್ವಲ್ಪ ಹೋಗುತ್ತದೆ. ತೀರ ಜಿಡ್ಡಾದರೆ ಅಂಟುವಾಳದ ನೀರು, ಆಮೇಲೆ ನೆರಳಿನಲ್ಲಿ ಒಣಗಲು ಬಿಡುವುದು, ಅಷ್ಟೆ.

ಈ ಸಲ ಆಟಿಯ ಮಳೆ ಬಿಡದೆ ಹೊಯ್ಯುತ್ತಿದ್ದಾಗ ಮಗಳು ಬೆಂಗಳೂರಿನಿಂದ ಬಂದಿದ್ದಳು. ಅವಳಿಗೆ ಶೀತ. ಕಷಾಯಪುಡಿ ಮುಗಿದಿತ್ತು. ನೋಟುಪುಸ್ತಕ ತೆಗೆದು, ಅಡಿಗೆಮನೆಯ ಡಿಜಿಟಲ್ ತಕ್ಕಡಿಯನ್ನು ಬದಿಗಿಟ್ಟು, ಹಳೆಯದನ್ನೇ ಇಳಿಸು ಅಪ್ಪ ಎಂದಳು. ಕರಡಿಗೆ ಕೊಟ್ಟೆ. ಅವಳು ಜೀರಿಗೆಗೆ ಐದು ನಾಣ್ಯ ಎಣಿಸಿದಳು. ಐದನೆಯದನ್ನು ತಟ್ಟೆಗೆ ಹಾಕುವ ಮೊದಲು ಬೆರಳತುದಿಯಲ್ಲಿ ನಿಲ್ಲಿಸಿ, ಇನ್ನೊಂದರಿಂದ ತಟ್ಟಿ, ಮಳೆಯ ಸದ್ದಿನ ನಡುವೆ ಕಿವಿ ಹತ್ತಿರ ತಂದಳು.