ಗಾಲಿ ಒರಸೀಯೇನು?

ಮೊದಲೇ ಹೇಳಿಬಿಡುತ್ತೇನೆ, ಇದು ಆಟಿಕೆ ರೈಲಿನ ಗಾಲಿ ಒರೆಸುವುದರ ಬಗ್ಗೆ. ನಗುವವರು ಈಗಲೇ ನಕ್ಕುಬಿಡಿ :)

ನಾನಿರುವುದು ಇಂಗ್ಲೆಂಡಿನ ಡರ್ಬಿಯಲ್ಲಿ. 2022ರಲ್ಲಿ ಒಂದು ಭಾನುವಾರ ಇಲ್ಲಿನ ಕಾರ್ ಬೂಟ್ ಸೇಲಿಗೆ ಹೋಗಿದ್ದೆ. ಜನ ತಮ್ಮ ಕಾರಿನ ಡಿಕ್ಕಿ ತೆಗೆದಿಟ್ಟು ಮನೆಯ ಹಳೇ ಸಾಮಾನು ಮಾರುವ ಸಂತೆ ಅದು. ಅಲ್ಲಿ ಒಂದು ರಟ್ಟಿನ ಡಬ್ಬದ ತುಂಬ ರೈಲು ಸಿಕ್ಕಿತು. ನಾಲ್ಕು ಗಾಲಿಯ ಪುಟ್ಟ ಎಂಜಿನ್ ಒಂದು, ಗೂಡ್ಸ್ ವ್ಯಾಗನ್ ಒಂಬತ್ತು, ಮೊಟ್ಟೆಯಾಕಾರಕ್ಕೆ ಜೋಡಿಸುವಷ್ಟು ಹಳಿ. ಮಗನಿಗೆ ಅಂತ ತಂದೆ ಎಂದು ಹೆಂಡತಿಗೆ ಹೇಳಿದೆ. ಅವಳು ನಂಬಲಿಲ್ಲ, ಅದು ಬೇರೆ ಮಾತು.

ಇಲ್ಲಿ ಇದಕ್ಕೆ ಡಬಲ್ ಓ ಅನ್ನುತ್ತಾರೆ. ನಿಜವಾದ ರೈಲಿನ 76ನೇ ಒಂದು ಭಾಗದಷ್ಟು ಗಾತ್ರ, ಎರಡು ಹಳಿಗಳ ನಡುವೆ 16.5 ಮಿಲಿಮೀಟರ್. ಎಂಜಿನ್ನಿನೊಳಗೆ ಸೆಲ್ ಇಲ್ಲ. ಹಳಿಯಲ್ಲೇ 12 ವೋಲ್ಟ್ ಕರೆಂಟು ಹರಿಯುತ್ತದೆ. ಒಂದು ಹಳಿಯಿಂದ ಒಂದು ಕಡೆಯ ಗಾಲಿಗೆ, ಅಲ್ಲಿಂದ ಮೋಟರಿಗೆ, ಮತ್ತೆ ಇನ್ನೊಂದು ಕಡೆಯ ಗಾಲಿ ದಾಟಿ ಇನ್ನೊಂದು ಹಳಿಗೆ ವಾಪಸ್. ಅಂದರೆ ಗಾಲಿಯೇ ಸ್ವಿಚ್ಚು, ಗಾಲಿಯೇ ತಂತಿ. ಗಾಲಿ ಹಳಿಗೆ ತಾಗುವ ಜಾಗವಾದರೂ ಎಷ್ಟು? ಸಾಸಿವೆ ಕಾಳಿನಷ್ಟೂ ಇಲ್ಲ. ಅಲ್ಲಿ ಒಂದಿಷ್ಟು ಕೊಳೆ ಕೂತರೆ ಮುಗಿಯಿತು, ರೈಲು ನಿಂತಿತು. ಮೇಲಿನಿಂದ ನಮ್ಮ ಕೈ ಬಂದು ನೂಕಬೇಕು.

ನಮ್ಮದು ಹೀಗೇ ನಿಲ್ಲುತ್ತಿತ್ತು. ಮಗ ನೂಕುತ್ತಿದ್ದ, ನಾನು ಬೈಯುತ್ತಿದ್ದೆ. ಹಳಿ ಒರೆಸಿದೆ. ಎಂಜಿನ್ ಬಿಚ್ಚಿ ಗಾಲಿ ಒರೆಸಿದೆ. ಔಷಧಿ ಅಂಗಡಿಯಿಂದ ಐಸೋಪ್ರೊಪೈಲ್ ಆಲ್ಕೋಹಾಲ್ ತಂದೆ. ಒರೆಸಿದ ದಿನ ಚೆನ್ನಾಗಿ ಓಡುತ್ತಿತ್ತು. ಹದಿನೈದು ನಿಮಿಷಕ್ಕೆ ಮತ್ತೆ ತೊದಲಲು ಶುರು. ಎಂಜಿನ್ನೇ ಹಾಳಾಗಿದೆ ಅಂತ ತೀರ್ಮಾನಿಸಿ ಎಲ್ಲವನ್ನೂ ಅಟ್ಟಕ್ಕೆ ಹಾಕಿದೆ.

2024ರ ಆಗಸ್ಟಿನಲ್ಲಿ ಅಪ್ಪ ಬಂದರು. ಅಮ್ಮ ತೀರಿಕೊಂಡು ಐದು ತಿಂಗಳಾಗಿತ್ತು. ಹುಬ್ಬಳ್ಳಿಯ ಮನೆಯಲ್ಲಿ ಒಬ್ಬರೇ ಇರುವುದು ಬೇಡ ಅಂತ ನಾನೇ ಹಟ ಹಿಡಿದು ಕರೆಸಿಕೊಂಡಿದ್ದೆ. ಆರು ತಿಂಗಳ ವೀಸಾ. ಅಪ್ಪನಿಗೆ ಇಲ್ಲಿ ಮಾಡಲು ಏನಿತ್ತು? ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಮಗ ಶಾಲೆಗೆ. ಅವರು ಕಿಟಕಿ ಪಕ್ಕ ಕೂತು ರಸ್ತೆ ನೋಡುತ್ತಿದ್ದರು. ಈ ದೇಶದ ರಸ್ತೆಯಲ್ಲಿ ನೋಡಲಿಕ್ಕೆ ಜನ ಎಲ್ಲಿರುತ್ತಾರೆ? ನಾವಿಬ್ಬರೂ ಮೊದಲಿನಿಂದ ಮಾತಾಡಿಕೊಂಡವರೇ ಅಲ್ಲ. ಮಾತೆಲ್ಲ ಅಮ್ಮನ ಮೂಲಕ ಆಗುತ್ತಿತ್ತು. ಐದನೇ ವಾರ, ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ ಅಂದರು, "ತಮ್ಮಾ, ಟಿಕೆಟ್ ಜಲ್ದಿ ತಾರೀಖಿಗೆ ಮಾಡಾಕ ಬರ್ತೈತೇನ್ ನೋಡು."

ನಾನು ನೋಡುತ್ತೇನೆ ಅಂದೆ. ನೋಡಲಿಲ್ಲ.

ಆ ಶನಿವಾರ ಮಳೆ. ಮಗ ಅಜ್ಜನಿಗೆ ತೋರಿಸಬೇಕು ಅಂತ ಅಟ್ಟದಿಂದ ರೈಲು ಇಳಿಸಿದ. ಅಜ್ಜ ರೈಲ್ವೆಯವರಲ್ಲವೇ! ಜೋಡಿಸಿದ್ದಾಯಿತು, ರೈಲು ಅರ್ಧ ಸುತ್ತು ಹೋಗಿ ನಿಂತಿತು. ನಾನು ಯಥಾಪ್ರಕಾರ ಎಂಜಿನ್ ಮಗುಚಿ ಒರೆಸಲು ಕೂತೆ. ಅಪ್ಪ ಸೋಫಾದಿಂದಲೇ ಕೇಳಿದರು, "ಎಂಜಿನ್ ಒಂದ ನೋಡ್ತೀಯಲ್ಲ, ಹಿಂದಿನ ಡಬ್ಬಿ ಗಾಲಿ ಯಾರ್ ನೋಡವ್ರು?"

"ವ್ಯಾಗನ್ನಿಗೆ ಕರೆಂಟ್ ಬೇಕಾಗಿಲ್ಲ ಅಪ್ಪ. ಅದರ ಗಾಲಿ ಪ್ಲಾಸ್ಟಿಕ್ಕು," ಅಂದೆ, ತಿಳಿದವನ ಹಾಗೆ.

ಅಪ್ಪ ಎದ್ದು ಬಂದರು. ಒಂದು ವ್ಯಾಗನ್ ಎತ್ತಿ ಕನ್ನಡಕದ ಹತ್ತಿರ ಹಿಡಿದು, ಉಗುರಿನಿಂದ ಗಾಲಿ ಕೆರೆದರು. ಉಗುರಿನ ತುದಿಗೆ ಕಪ್ಪು ಮೇಣದಂಥ ಒಂದು ಸುರುಳಿ ಎದ್ದು ಬಂತು. ಅದನ್ನು ನನ್ನ ಮುಂದೆ ಹಿಡಿದು, "ಇಷ್ಟ್ ರಾಡಿ ಇಟ್ಕೊಂಡು ಎಂಜಿನ್ನಿಗೆ ಬೈದ್ರ ಏನ್ ಬಂತು?" ಅಂದರು.

ಎರಡು ವರ್ಷ ನನ್ನ ತಲೆಗೆ ಹೊಳೆಯದಿದ್ದದ್ದು ಇದು. ಒಂಬತ್ತು ವ್ಯಾಗನ್ನು, ಒಂದೊಂದಕ್ಕೆ ನಾಲ್ಕು ಗಾಲಿ, ಒಟ್ಟು ಮೂವತ್ತಾರು. ಎಂಜಿನ್ನಿಗೆ ನಾಲ್ಕೇ. ಕೊಳೆ ಎಲ್ಲ ಆ ಮೂವತ್ತಾರರಲ್ಲಿ ಗಟ್ಟಿಯಾಗಿ ಕೂತಿದೆ. ನಾನು ಹಳಿ ಫಳಫಳ ಅನ್ನುವ ಹಾಗೆ ಒರೆಸುತ್ತೇನೆ, ಅವು ಸುತ್ತು ಹಾಕುತ್ತ ಹಳಿಗೆ ಮತ್ತೆ ಬಳಿಯುತ್ತವೆ, ಎಂಜಿನ್ ಅದನ್ನು ತುಳಿದು ನಿಲ್ಲುತ್ತದೆ. ಪ್ಲಾಸ್ಟಿಕ್ ಗಾಲಿಗೆ ಕೊಳೆ ಹಿಡಿಯುವುದು ಲೋಹದ್ದಕ್ಕಿಂತ ಜಾಸ್ತಿಯಂತೆ.

ಅಪ್ಪ ಹುಬ್ಬಳ್ಳಿಯಲ್ಲಿ ಕ್ಯಾರೇಜ್ ಅಂಡ್ ವ್ಯಾಗನ್ ವಿಭಾಗದಲ್ಲಿದ್ದವರು. ಟಿಎಕ್ಸಾರ್, ಅಂದರೆ ಟ್ರೇನ್ ಎಕ್ಸಾಮಿನರ್. 2011ರಲ್ಲಿ ನಿವೃತ್ತರಾದರು. ಗೂಡ್ಸ್ ಗಾಡಿ ಬಂದು ನಿಂತರೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಡೆಯುತ್ತ ಒಂದೊಂದು ಗಾಲಿ ನೋಡುವುದು ಅವರ ಕೆಲಸ. ಸುತ್ತಿಗೆಯಿಂದ ಗಾಲಿ ಬಡಿದರೆ ಗಟ್ಟಿಯಿದ್ದದ್ದು ಖಣ್ ಅನ್ನುತ್ತದೆ, ಬಿರುಕು ಬಿಟ್ಟದ್ದು ಡಬ್ ಅನ್ನುತ್ತದೆ. ಆಕ್ಸಲ್ ಬಾಕ್ಸಿಗೆ ಮುಂಗೈಯ ಹಿಂಭಾಗ ಹಿಡಿದು ಬಿಸಿ ನೋಡುವುದು. ಹಳೇ ಕಾಲದ ವ್ಯಾಗನ್ನುಗಳಲ್ಲಿ ಎಣ್ಣೆ ಆರಿ ಆಕ್ಸಲ್ ಕಾದು ಕೆಂಪಾಗಿ ಮುರಿದೇ ಹೋಗಬಹುದಿತ್ತು. ಇವನ್ನೆಲ್ಲ ನನಗೆ ಅಪ್ಪ ಹೇಳಿದ್ದು ಆ ಶನಿವಾರ. ನಾನು ಹುಟ್ಟಿ ನಲವತ್ತಾರು ವರ್ಷಕ್ಕೆ!

"ಚಿಮಣಿ ಎಣ್ಣಿ ಐತೇನು?" ಅಂದರು.

ನನಗೆ ನಗು ಬಂತು. ಸೀಮೆಎಣ್ಣೆಗೆ ನಮ್ಮ ಕಡೆ ಹಾಗೆ ಅನ್ನುವುದು. ಇಲ್ಲ ಅಪ್ಪ, ಆಲ್ಕೋಹಾಲ್ ಇದೆ, ಅದೇ ಒಳ್ಳೆಯದು ಅಂದೆ. ಅವರು ತಲೆ ಅಲ್ಲಾಡಿಸಿದರು, "ಅದು ಆರಿಹೋಗ್ತೈತಿ, ರಾಡಿ ಅಲ್ಲೇ ಉಳೀತೈತಿ."

ರಾತ್ರಿ ಕೂತು ಓದಿದೆ. ಮಾಡೆಲ್ ರೈಲಿನವರಲ್ಲಿ ಇದೇ ದೊಡ್ಡ ಜಗಳ. ಗಾಲಿಗೂ ಹಳಿಗೂ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಕಿಡಿಗಳು ಹಾರುತ್ತಿರುತ್ತವೆ. ಅದರಿಂದ ಲೋಹ ಆಕ್ಸೈಡ್ ಆಗಿ, ಧೂಳು ಮತ್ತು ಎಣ್ಣೆ ಸೇರಿ ಆ ಕಪ್ಪು ಮೇಣವಾಗುತ್ತದೆ. ಒರೆಸುವ ದ್ರವಗಳಲ್ಲಿ ಪೋಲಾರ್, ನಾನ್ ಪೋಲಾರ್ ಅಂತ ಎರಡು ಜಾತಿ. ಪೋಲಾರ್ ದ್ರವದ ಪಸೆ ಉಳಿದರೆ ಕಿಡಿ ಹೆಚ್ಚಾಗಿ ಕೊಳೆ ಬೇಗ ಕೂಡುತ್ತದೆ ಅನ್ನುವುದು ಒಂದು ಗುಂಪಿನ ವಾದ. ಡೈಎಲೆಕ್ಟ್ರಿಕ್ ಅಂಕಿ ಕಡಿಮೆಯಿದ್ದಷ್ಟೂ ಒಳ್ಳೆಯದಂತೆ. ಐಸೋಪ್ರೊಪೈಲಿಗೆ ಆ ಅಂಕಿ ಸುಮಾರು 18. ಸೀಮೆಎಣ್ಣೆಗೆ 2ಕ್ಕಿಂತ ಕಡಿಮೆ! ಇದನ್ನು ಒಪ್ಪದವರೂ ಬೇಕಾದಷ್ಟಿದ್ದಾರೆ. ಅದಿರಲಿ, ಮರುದಿನ ಬಣ್ಣದ ಅಂಗಡಿಗೆ ಹೋಗಿ ವೈಟ್ ಸ್ಪಿರಿಟ್ ತಂದೆ. ಸೀಮೆಎಣ್ಣೆಯ ತಂಗಿ ಅದು, ವಾಸನೆ ಸ್ವಲ್ಪ ಮರ್ಯಾದೆಯದು. ಅಪ್ಪನಿಗೆ ಮಾತ್ರ 18, 2 ಏನೂ ಹೇಳಲಿಲ್ಲ. ಅವರಿಗೆ ಬೇಕಾಗಿಯೂ ಇರಲಿಲ್ಲ.

ಕೆಲಸ ಹೀಗೆ ನಡೆಯಿತು. ಸ್ಪಂಜಿನ ತುಂಡಿನಲ್ಲಿ ಗಾಡಿ ಕೊರೆದು ಅದರಲ್ಲಿ ವ್ಯಾಗನ್ ಅಂಗಾತ ಮಲಗಿಸುವುದು. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ವೈಟ್ ಸ್ಪಿರಿಟ್ಟಿನಲ್ಲಿ ಅದ್ದಿ, ಹಿಂಡಿ, ಗಾಲಿಯ ಮೈಗೆ ಒತ್ತಿ ಹಿಡಿದು ಗಾಲಿಯನ್ನು ತಿರುಗಿಸುವುದು. ಗಟ್ಟಿ ಕೊಳೆಯಿದ್ದರೆ ಹಲ್ಲುಕಡ್ಡಿಯಿಂದ ಎಬ್ಬಿಸುವುದು. ಬ್ಲೇಡು, ಮರಳು ಕಾಗದ ಮುಟ್ಟಲೇಬಾರದು, ಗೀರು ಬಿದ್ದರೆ ಮುಂದಿನ ಸಲ ಕೊಳೆ ಕೂರಲು ನಾವೇ ಜಾಗ ಮಾಡಿಕೊಟ್ಟ ಹಾಗೆ. ಕೊನೆಗೆ ಒಣ ಬಟ್ಟೆಯಿಂದ ಒರೆಸಲೇಬೇಕು, ಇಲ್ಲದಿದ್ದರೆ ಹಳಿ ಜಾರುತ್ತದೆ. ಕಿಟಕಿ ತೆಗೆದಿಡಿ, ಹತ್ತಿರ ಬೆಂಕಿ ಬೇಡ. ಎಂಜಿನ್ನಿಗೆ ಸುಲಭದ ಉಪಾಯವಿದೆ. ಹಳಿಯ ಮೇಲೆ ಅಡ್ಡಕ್ಕೆ ಅಡಿಗೆಮನೆಯ ಪೇಪರ್ ಟವಲ್ ಹಾಸಿ, ಸ್ವಲ್ಪವೇ ಆಲ್ಕೋಹಾಲಿನಿಂದ ತೇವ ಮಾಡಿ, ಎಂಜಿನ್ನಿನ ಅರ್ಧ ಗಾಲಿ ಕಾಗದದ ಮೇಲೆ, ಅರ್ಧ ಬರೀ ಹಳಿಯ ಮೇಲೆ ಇರುವ ಹಾಗೆ ಹಿಡಿದು ಕರೆಂಟು ಕೊಡುವುದು. ಗಾಲಿ ನಿಂತಲ್ಲೇ ಗರಗರ ತಿರುಗಿ ಕಾಗದದ ಮೇಲೆ ಎರಡು ಕಪ್ಪು ಗೆರೆ ಬೀಳುತ್ತದೆ. ಮಗನಿಗೆ ಆ ಗೆರೆ ನೋಡುವುದೇ ಹಬ್ಬ.

ಆಕ್ಸಲ್ಲುಗಳಿಗೆ ಕೂದಲು ಸುತ್ತಿತ್ತು. ಒಂದೊಂದು ಮಾರುದ್ದದ ಕೂದಲು. ಯಾರದು ಅಂತ ಹೇಳಿದರೆ ಈ ಮನೆಯಲ್ಲಿ ನನಗೆ ಊಟ ಸಿಗುವುದಿಲ್ಲ.

ಗಾಲಿ ಜೋಡಿಯ ನಡುವಿನ ಅಂತರವನ್ನೂ ಅಳೆಯಬೇಕು ಅಂದರು ಅಪ್ಪ. ಡಬಲ್ ಓಗೆ ಒಳಬದಿಯಿಂದ ಒಳಬದಿಗೆ ಸುಮಾರು 14.5 ಮಿಲಿಮೀಟರ್ ಇರಬೇಕು. "ನಮ್ಮ ಬ್ರಾಡ್‌ಗೇಜಿಗೆ ಹದಿನಾರ್ ನೂರು," ಅಂದರು ಥಟ್ಟನೆ. 1600 ಮಿಲಿಮೀಟರ್. ಬೆಳಿಗ್ಗೆ ಮಾತ್ರೆ ತೆಗೆದುಕೊಂಡದ್ದು ಮರೆಯುವ ಮನುಷ್ಯ!

ಮೂವರೂ ನೆಲದ ಮೇಲೆ ಕೂತಿದ್ದೆವು. ಅಪ್ಪನ ಬೆರಳೆಲ್ಲ ಕಪ್ಪಾಗಿತ್ತು. ಮಗ ತನ್ನ ಅರ್ಧ ಇಂಗ್ಲಿಷ್ ಕನ್ನಡದಲ್ಲಿ, "ಅಜ್ಜಾ, ನೀವು ರೈಲು ಓಡಿಸ್ತಿದ್ರಾ?" ಅಂತ ಕೇಳಿದ.

"ಇಲ್ಲೋ ಮರಿ, ನಾ ಗಾಲಿ ನೋಡಾಂವ. ನಿಮ್ಮಪ್ಪ ಸಾಲ್ಯಾಗ ನನಗ ಡ್ರೈವರ್ ಅಂತ ಪ್ರಮೋಶನ್ ಕೊಟ್ಟಿದ್ದ," ಅಂದು ಅಪ್ಪ ನಕ್ಕರು.

ನನ್ನ ಕೈಯಲ್ಲಿದ್ದ ಹತ್ತಿಕಡ್ಡಿ ಅಲ್ಲೇ ನಿಂತಿತು. ಐದನೇ ಕ್ಲಾಸಿನಲ್ಲಿ ನಮ್ಮಪ್ಪ ಎಂಜಿನ್ ಡ್ರೈವರ್ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದು ನಿಜ. ಒಂದು ದಿನ ಅವರು ಡ್ಯೂಟಿಯಿಂದ ನೇರ ಶಾಲೆಯ ಗೇಟಿಗೆ ಬಂದಾಗ ಆ ಕೈ ನೋಡಿ ನಾನು ಹಿಂದಿನ ಬಾಗಿಲಿನಿಂದ ಮನೆಗೆ ಹೋದದ್ದೂ ನಿಜ. ಅವರಿಗೆ ಗೊತ್ತಿತ್ತು ಅಂತ ನನಗೆ ಗೊತ್ತಿರಲಿಲ್ಲ. ಏನಾದರೂ ಹೇಳಬೇಕಿತ್ತು. "ಅಪ್ಪ, ಆ ಡಬ್ಬಿ ಈ ಕಡೆ ಕೊಡ್ರಿ," ಅಂದೆ. ಕೊಟ್ಟರು.

ಸಂಜೆ ಒಂಬತ್ತೂ ವ್ಯಾಗನ್ ಕಟ್ಟಿಕೊಂಡು ರೈಲು ಮುಕ್ಕಾಲು ಗಂಟೆ ನಿಲ್ಲದೆ ಸುತ್ತಿತು.

ಆಮೇಲೆ ಅದು ಅಪ್ಪನ ದಿನಚರಿಯಾಯಿತು. ನಾವು ಹೊರಗೆ ಹೋದ ಮೇಲೆ ಒಬ್ಬರೇ ಗಾಲಿ ನೋಡುತ್ತಿದ್ದರು. ಡರ್ಬಿಯೂ ಹತ್ತೊಂಬತ್ತನೇ ಶತಮಾನದಿಂದ ರೈಲ್ವೆ ಊರೇ. ಹುಬ್ಬಳ್ಳಿಯ ವರ್ಕ್‌ಶಾಪ್ 1885ರದ್ದು. ನವೆಂಬರಿನಲ್ಲಿ ಎಲೆ ಉದುರಿ ರೈಲು ತಡ ಅಂತ ಸ್ಟೇಷನ್ನಿನಲ್ಲಿ ಸಾರಿದಾಗ ನಾನು ನಗೆಯಾಡಿದೆ. ಅಪ್ಪ ನಗಲಿಲ್ಲ. ಎಲೆ ಜಜ್ಜಿ ಹಳಿಗೆ ಮೆತ್ತಿಕೊಂಡರೆ ಗಾಲಿ ಜಾರುತ್ತದೆ. ಅಷ್ಟೇ ಅಲ್ಲ, ಟ್ರ್ಯಾಕ್ ಸರ್ಕ್ಯೂಟಿನಲ್ಲಿ ಗಾಲಿ ಎರಡು ಹಳಿಗಳನ್ನು ಜೋಡಿಸಿದರೆ ತಾನೇ ಅಲ್ಲಿ ಗಾಡಿಯಿದೆ ಅಂತ ಸಿಗ್ನಲ್ಲಿಗೆ ತಿಳಿಯುವುದು? ನಡುವೆ ಕೊಳೆ ಬಂದರೆ ಅಷ್ಟು ದೊಡ್ಡ ಗಾಡಿಯೂ ಸಿಗ್ನಲ್ಲಿನ ಕಣ್ಣಿಗೆ ಕಾಣದೆ ಹೋಗಬಹುದು. ನಮ್ಮ ಮನೆಯ ಕಾರ್ಪೆಟ್ಟಿನ ಮೇಲಿನ ತೊಂದರೆಯೇ ಅದು. ಇಲ್ಲಿ ಅದಕ್ಕೆಂದೇ ಶರತ್ಕಾಲದಲ್ಲಿ ಭಾರೀ ಒತ್ತಡದ ನೀರು ಚಿಮ್ಮಿಸಿ ಹಳಿ ತೊಳೆಯುವ ರೈಲುಗಳನ್ನು ಓಡಿಸುತ್ತಾರೆ.

ಮೊಮ್ಮಗನಿಗೆ ಹುಬ್ಬಳ್ಳಿಯ ಪ್ಲಾಟ್‌ಫಾರ್ಮಿನ ಜಂಬವೂ ಆಯಿತು. 2023ರಲ್ಲಿ ಉದ್ಘಾಟನೆಯಾದದ್ದು, 1507 ಮೀಟರ್. ಅವನು ಲೆಕ್ಕ ಹಾಕಿ, ನಮ್ಮ ಅಳತೆಯಲ್ಲಿ ಮಾಡಿದರೆ ಹತ್ತಿರಹತ್ತಿರ ಇಪ್ಪತ್ತು ಮೀಟರ್ ಆಗುತ್ತದೆ, ಹಿತ್ತಲ ಬೇಲಿ ದಾಟುತ್ತದೆ ಅಂದ.

ಅಪ್ಪ ಟಿಕೆಟ್ಟಿನ ಮಾತು ಮತ್ತೆ ಎತ್ತಲಿಲ್ಲ ಅಂತ ಬರೆದಿದ್ದರೆ ಚೆನ್ನಾಗಿರುತ್ತಿತ್ತು. ಎತ್ತಿದರು. ಅಮ್ಮ ನೆಟ್ಟ ಗಿಡಗಳಿಗೆ ನೀರು ಹಾಕುವವರಿಲ್ಲ ಅಂದರು. ಈ ಸಲ ನಾನು ನಿಜವಾಗಿ ನೋಡಿದೆ, ಡಿಸೆಂಬರ್ ಮೊದಲ ವಾರಕ್ಕೆ ಸಿಕ್ಕಿತು. ಹೊರಡುವ ದಿನ ಬಿಸ್ಕಿಟ್ ಡಬ್ಬಿಯೊಂದರಲ್ಲಿ ಹತ್ತಿಕಡ್ಡಿ, ಹಲ್ಲುಕಡ್ಡಿ, ಮಡಿಚಿದ ಬಟ್ಟೆ ಎಲ್ಲ ಒಪ್ಪವಾಗಿ ಜೋಡಿಸಿಟ್ಟಿದ್ದರು. ಜೊತೆಗೆ ಮಗನ ಹಳೇ ನೋಟ್‌ಬುಕ್ಕು. ಅದರಲ್ಲಿ ಸ್ಕೇಲಿಟ್ಟು ಗೆರೆ ಎಳೆದು ಒಂದರಿಂದ ಒಂಬತ್ತರವರೆಗೆ ವ್ಯಾಗನ್ ನಂಬರು, ಒರೆಸಿದ ತಾರೀಖು, ಮುಂದೆ ಷರಾ. ಎಂಟಕ್ಕೆ ಫಿಟ್. ಆರನೇ ನಂಬರಿನ ಮುಂದೆ ಮಾತ್ರ ಸಿಕ್ ಅಂತ ಬರೆದಿದ್ದರು. ರಿಪೇರಿಗೆ ಬಂದ ವ್ಯಾಗನ್ನಿಗೆ ರೈಲ್ವೆಯಲ್ಲಿ ಹಾಗೆ ಅನ್ನುತ್ತಾರೆ, ಅದನ್ನು ನಿಲ್ಲಿಸುವ ಹಳಿಗೆ ಸಿಕ್ ಲೈನ್. ಆರನೆಯದರ ಒಂದು ಗಾಲಿ ಓಲಾಡುತ್ತದೆ.

ಈಗ ಭಾನುವಾರಗಳಂದು ಫೋನ್ ಮಾಡಿದರೆ ಅಪ್ಪ ಮೊದಲು ಕೇಳುವುದು ಊಟವಾಯಿತೇ ಅಂತಲ್ಲ, "ಗಾಲಿ ಒರಸೀಯೇನು?" ಅಂತ. ಆರನೇ ವ್ಯಾಗನ್ನಿಗೆ ಹಾಕಲು ಲೋಹದ ಗಾಲಿ ಜೋಡಿ ತರಿಸಿದ್ದೇನೆ, ಪೊಟ್ಟಣ ಇನ್ನೂ ಒಡೆದಿಲ್ಲ. ನಾಳೆ ಭಾನುವಾರ. ಹತ್ತಿಕಡ್ಡಿಯೂ ಮುಗಿದಿದೆ, ಅಂಗಡಿ ಮುಚ್ಚುವುದರೊಳಗೆ ಹೋಗಿಬರಬೇಕು.