ಹಿಟ್ಟಿನ ಕೋಳಿಯ ಪೂರ್ವಪಕ್ಷ

ಜನ್ನನ ‘ಯಶೋಧರ ಚರಿತೆ’ಯನ್ನು (1209) ಪದವಿ ತರಗತಿಗಳಲ್ಲಿ ಬೋಧಿಸಿದವರಿಗೆಲ್ಲ ಒಂದು ಪ್ರಶ್ನೆ ಚಿರಪರಿಚಿತ: ‘ಸಂಕಲ್ಪಹಿಂಸೆಯ ದುಷ್ಪರಿಣಾಮವನ್ನು ಕವಿ ಹೇಗೆ ನಿರೂಪಿಸಿದ್ದಾನೆ? ವಿವರಿಸಿ.’ ಇಲ್ಲಿ ಉತ್ತರವೇ ಪ್ರಶ್ನೆಯ ವೇಷ ತೊಟ್ಟು ನಿಂತಿದೆ. ತೀರ್ಪು ಮೊದಲೇ ಪ್ರಕಟವಾಗಿರುವಾಗ ವಿದ್ಯಾರ್ಥಿಗೆ ಉಳಿಯುವುದು ಲಿಪಿಕಾರನ ಕೆಲಸ ಮಾತ್ರ.

ದೊಡ್ಡಬಳ್ಳಾಪುರ, ದೇವನಹಳ್ಳಿ ಸೀಮೆಯ ಬೇರೆ ಬೇರೆ ಕಾಲೇಜುಗಳಲ್ಲಿ ಕನ್ನಡ ಬೋಧಿಸುವ ನಾವು ಮೂವರು ಆಂತರಿಕ ಮೌಲ್ಯಮಾಪನದ ಅಸೈನ್‌ಮೆಂಟನ್ನು ಒಟ್ಟಾಗಿ ರೂಪಿಸಲು ಕುಳಿತೆವು. ಮೊದಲ ಕರಡಿನಲ್ಲಿ ‘ಹಿಟ್ಟಿನ ಕೋಳಿಯ ಬಲಿ ಹಿಂಸೆಯೇ? ಚರ್ಚಿಸಿ’ ಎಂದಿತ್ತು. ಬಂದ ಬರಹಗಳೆಲ್ಲ ‘ಹೌದು’ ಎಂದವು. ಕವಿ ಹೇಳಿದ್ದಾನೆ, ಮೇಷ್ಟರೂ ಹೇಳಿದ್ದಾರೆ, ಇನ್ನು ಚರ್ಚೆಯೇಕೆ?

ನಮ್ಮಲ್ಲಿ ಹಿರಿಯರು ಒಂದು ತಿದ್ದುಪಡಿ ಸೂಚಿಸಿದರು: ‘ಚಂದ್ರಮತಿಯ ವಾದವನ್ನು ಅವಳೇ ಒಪ್ಪುವಂತೆ ಮೊದಲು ಬರೆಯಿರಿ. ಅನಂತರ ನಿಮ್ಮ ನಿಲುವು ಹೇಳಿ. ಎರಡಕ್ಕೂ ಕಾವ್ಯದಿಂದಲೇ ಆಧಾರ ಕೊಡಿ.’ ಇದು ಪೂರ್ವಪಕ್ಷದ ಪದ್ಧತಿಯಲ್ಲದೆ ಹೊಸದೇನಲ್ಲ. ಸಮಂತಭದ್ರನ ‘ಆಪ್ತಮೀಮಾಂಸೆ’ ಏಕಾಂತವಾದಗಳನ್ನು ಒಂದೊಂದಾಗಿ ಎತ್ತಿಕೊಂಡು ಪರೀಕ್ಷಿಸುತ್ತದೆ. ಹರಿಭದ್ರನ ‘ಷಡ್ದರ್ಶನಸಮುಚ್ಚಯ’ ಅನ್ಯಮತಗಳನ್ನು ದೂಷಿಸದೆ ನಿರೂಪಿಸುತ್ತದೆ. ಜೈನ ಕಾವ್ಯವನ್ನು ಕಲಿಸುವಾಗ ಜೈನ ತರ್ಕದ ಶಿಸ್ತನ್ನು ತರಗತಿಯ ಹೊರಗಿಟ್ಟಿದ್ದೇ ವಿಚಿತ್ರ.

ಈ ಸಲ ಬರಹಗಳು ಬೇರೆಯಾದವು. ಯಶೋಧರನು ತಾನು ಕಂಡ ದ್ರೋಹವನ್ನು ಕನಸೆಂದು ಮರೆಸಿ ತಾಯಿಗೆ ಹೇಳಿದನಲ್ಲವೇ. ಆ ಸುಳ್ಳನ್ನು ನಂಬಿ ಮಗನ ಕ್ಷೇಮಕ್ಕಾಗಿ ಬಲಿ ಬೇಡಿದ ತಾಯಿಯ ಪಾಪ ಯಾರ ಲೆಕ್ಕಕ್ಕೆ ಎಂದು ಒಬ್ಬ ಕೇಳಿದ್ದ. ಮಗ್ಗದ ಮನೆಯಿಂದ ಬರುವ ಹುಡುಗಿಯೊಬ್ಬಳು ತರಗತಿಯಲ್ಲಿ ಎದ್ದು ನಿಂತಳು: ‘ಆಯುಧಪೂಜೆಯಂದು ಮಗ್ಗದ ಮುಂದೆ ಕುಂಕುಮ ತುಂಬಿದ ಬೂದುಗುಂಬಳಕಾಯಿ ಒಡೆಯುತ್ತೇವೆ, ಸರ್. ನಮ್ಮಪ್ಪನ ಮನಸ್ಸಿನಲ್ಲಿ ಕೊಲ್ಲುವ ಸಂಕಲ್ಪ ಇರುವುದಿಲ್ಲ. ಅದೂ ಹಿಂಸೆಯೇ?’ ಹಿಂದಿನ ಬೆಂಚಿನಿಂದ ಉತ್ತರ ಬಂತು: ಕುಂಬಳಕಾಯಿಗೆ ಜೀವಿಯ ಆಕಾರವಿಲ್ಲ; ಹಿಟ್ಟಿಗೆ ಕೋಳಿಯ ರೂಪ ಕೊಟ್ಟಾಗಲೇ ಸಂಕಲ್ಪ ಹುಟ್ಟಿತು, ಅದಕ್ಕೇ ಕತ್ತಿ ತಾಗಿದಾಗ ಅದು ಕೂಗಿತು. ಆಕೆ ಬಿಡಲಿಲ್ಲ. ಕೂಗಿದ್ದು ಕಾವ್ಯದಲ್ಲಿ, ಕೂಗದೇ ಇದ್ದಿದ್ದರೆ ಪಾಪ ಕಡಿಮೆಯಾಗುತ್ತಿತ್ತೇ? ಘಂಟೆ ಹೊಡೆದರೂ ಯಾರೂ ಏಳಲಿಲ್ಲ. ನಮ್ಮ ಕಾಲೇಜಿನಲ್ಲಿ ಇದು ಅಪರೂಪ.

ತೊಡಕು ಬಂದದ್ದು ಅಂಕ ಕೊಡುವಾಗ. ಚಂದ್ರಮತಿಯನ್ನು ಕೊನೆಯವರೆಗೂ ಸಮರ್ಥಿಸಿದ ಒಂದು ಬರಹವನ್ನು ಮೂವರೂ ಪ್ರತ್ಯೇಕವಾಗಿ ನೋಡಿದೆವು: ಹತ್ತಕ್ಕೆ 4, 6, 9. ನಾಲ್ಕು ಕೊಟ್ಟವರದು ಹಗುರವಾದ ಆಕ್ಷೇಪವಲ್ಲ. ಕವಿಯ ಆಶಯವನ್ನೇ ತಿರಸ್ಕರಿಸಿದ ಓದು ಕಾವ್ಯದ ಓದಾಗುವುದು ಹೇಗೆ ಎಂಬುದು ಅವರ ಪ್ರಶ್ನೆ. ಒಂಬತ್ತು ನನ್ನದು. ಎದುರಾಳಿಯ ಆಧಾರವನ್ನು ಮುಚ್ಚಿಡದೆ ಎದುರಿಸಿದ ಬರಹಕ್ಕೆ ತೀರ್ಮಾನ ಯಾವುದೇ ಇರಲಿ ಮನ್ನಣೆ ಸಲ್ಲಬೇಕೆಂಬುದು ನನ್ನ ಪಟ್ಟು. ನಿಲುವಿಗೆ ಅಂಕವಿಲ್ಲ, ಆಧಾರಕ್ಕೆ ಮತ್ತು ಪ್ರತಿವಾದಿಗೆ ಸಲ್ಲಿಸಿದ ನ್ಯಾಯಕ್ಕೆ ಮಾತ್ರ ಅಂಕ ಎಂದು ಬರೆದುಕೊಂಡೆವು. ಅವರು ಅರೆಮನಸ್ಸಿನಿಂದ ಸಹಿ ಹಾಕಿದರು.

ಮುಂದಿನ ಸೆಮಿಸ್ಟರಿಗೆ ಅಮೃತಮತಿಯ ಪಕ್ಷವನ್ನು ಕೊಡೋಣವೆಂದು ದೇವನಹಳ್ಳಿಯ ಸಹೋದ್ಯೋಗಿ ಹೇಳಿದ್ದಾರೆ. ಅವಳ ಪರವಾಗಿ ಜನ್ನನಲ್ಲಿ ಆಧಾರ ಹುಡುಕುವುದು ಸುಲಭವಲ್ಲ. ಕಾರ್ನಾಡರ ‘ಹಿಟ್ಟಿನ ಹುಂಜ’ವನ್ನು ಜೊತೆಗಿಟ್ಟು ಓದಿಸಬೇಕೋ, ಅದು ಕಾವ್ಯಕ್ಕೆ ಅನ್ಯಾಯವಾದೀತೋ ಎಂಬಲ್ಲಿ ನಮ್ಮ ಮಾತು ನಿಂತಿದೆ.