ಹಿಮನದಿಗಳ ನಾಡಿಗೆ ಮಿತವ್ಯಯದ ಹಡಗುಯಾನ

ವಿದೇಶದಲ್ಲಿರುವ ಮಕ್ಕಳ ಮನೆಗೆ ಹೋಗಿಬರುವ ತಂದೆತಾಯಿಗಳು ನಮ್ಮ ಸಮಾಜದಲ್ಲಿ ಇಂದು ಅನೇಕರಿದ್ದಾರೆ. ಮಕ್ಕಳು ಕೆಲಸಕ್ಕೆ ಹೋದ ಮೇಲೆ ಕಿಟಕಿಯ ಬಳಿ ಕುಳಿತು ಹೊತ್ತು ಕಳೆಯುವುದೇ ಅವರಲ್ಲಿ ಹಲವರ ಪಾಡು. ೨೦೨೪ರಲ್ಲಿ ನಾವು ದಂಪತಿಗಳು ಅಮೆರಿಕೆಯ ಸಿಯಾಟಲ್ ನಗರದ ಮಗಳ ಮನೆಯಲ್ಲಿದ್ದಾಗ, ಅಲ್ಲಿನ ಬಂದರಿನಿಂದ ಅಲಾಸ್ಕಾಕ್ಕೆ ಹೊರಡುವ ಬೃಹತ್ ಹಡಗುಗಳನ್ನು ಕಂಡು, ಒಮ್ಮೆ ಆ ಹಿಮದ ನಾಡನ್ನು ನೋಡಬೇಕೆಂಬ ಆಸೆ ಹುಟ್ಟಿತು. ಜೊತೆಗೇ ಒಂದು ನಿಯಮವನ್ನೂ ಹಾಕಿಕೊಂಡೆವು. ಮಗಳು-ಅಳಿಯಂದಿರ ಮೇಲೆ ಭಾರ ಹಾಕಬಾರದು, ಸಾಲ ಮಾಡಬಾರದು. ನಿವೃತ್ತಿವೇತನದಲ್ಲಿ ಉಳಿಸಿದ ಹಣದೊಳಗೆ ಯಾತ್ರೆ ಮುಗಿಯಬೇಕು. ಆ ಲೆಕ್ಕಾಚಾರದಲ್ಲಿ ನಾವು ಕಲಿತುದನ್ನೂ, ಮಾಡಹೊರಟಿದ್ದ ಒಂದು ತಪ್ಪನ್ನೂ ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಅಲಾಸ್ಕಾ ಹಿಂದೆ ರಷ್ಯಾ ದೇಶಕ್ಕೆ ಸೇರಿತ್ತು. ೧೮೬೭ರಲ್ಲಿ ಅಮೆರಿಕೆ ಅದನ್ನು ೭೨ ಲಕ್ಷ ಡಾಲರಿಗೆ ಕೊಂಡಿತು. ೧೯೫೯ರಲ್ಲಿ ಅದು ಆ ದೇಶದ ೪೯ನೆಯ ರಾಜ್ಯವಾಯಿತು. ಅದರ ಆಗ್ನೇಯ ಭಾಗ ದ್ವೀಪಗಳೂ ಪರ್ವತಗಳೂ ಕೂಡಿದ ಕಿರಿದಾದ ಪಟ್ಟಿ. ರಾಜಧಾನಿ ಜೂನೋ ನಗರಕ್ಕೂ ಹೊರಗಿನಿಂದ ರಸ್ತೆಯಿಲ್ಲ. ವಿಮಾನ ಅಥವಾ ಹಡಗೇ ಗತಿ. ಆದುದರಿಂದ ಅಲ್ಲಿ ಹಡಗೆಂಬುದು ಬರಿಯ ವಿಲಾಸವಲ್ಲ, ದಾರಿಯೇ ಅದು.

ಮಿತವ್ಯಯದ ಮೊದಲ ಗುಟ್ಟು ತಿಂಗಳ ಆಯ್ಕೆ. ಈ ಹಡಗುಗಳು ಮುಖ್ಯವಾಗಿ ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಸಂಚರಿಸುತ್ತವೆ. ಶಾಲೆಗಳಿಗೆ ರಜೆಯಿರುವ ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ದರ ಏರುತ್ತದೆ; ಮೇ ಮತ್ತು ಸೆಪ್ಟೆಂಬರುಗಳಲ್ಲಿ ಇಳಿಯುತ್ತದೆ. ಮೇ ತಿಂಗಳಿನಲ್ಲಿ ಮಳೆ ಕಡಿಮೆ, ಸೆಪ್ಟೆಂಬರಿನಲ್ಲಿ ಹೆಚ್ಚು. ಮೊಮ್ಮಗಳ ಶಾಲೆ ಆರಂಭವಾದ ಮೇಲೆ ಹೊರಡಬೇಕಾಗಿದ್ದ ನಮಗೆ ಸೆಪ್ಟೆಂಬರೇ ಒದಗಿತು.

ಎರಡನೆಯದು ಕೋಣೆ. ಬಾಲ್ಕನಿಯಿರುವ ಕೋಣೆಗೂ ಕಿಟಕಿಯೇ ಇಲ್ಲದ ಒಳಕೋಣೆಗೂ ದರದಲ್ಲಿ ಬಹಳ ಅಂತರವಿದೆ. ನಾವು ಒಳಕೋಣೆಯನ್ನೇ ಹಿಡಿದೆವು. ನೋಡುವ ನೋಟವೆಲ್ಲ ಮೇಲಿನ ಅಟ್ಟದಲ್ಲಿ ಸರ್ವರಿಗೂ ಒಂದೇ. ಕೋಣೆಯಿರುವುದು ಮಲಗಲು, ಮೀಯಲು, ಪೂಜೆಗೆ.

ಮೂರನೆಯದು, ಜಾಹೀರಾತಿನ ದರವನ್ನು ನಂಬದಿರುವುದು. ಉದಾಹರಣೆಗೆ, ತಲೆಗೆ ೬೦೦ ಡಾಲರ್ ಎಂದು ಅಚ್ಚಾಗಿದ್ದರೆ ಅದು ಒಂದು ಕೋಣೆಯಲ್ಲಿ ಇಬ್ಬರಿರುವರೆಂದು ಹಾಕಿದ ಲೆಕ್ಕ. ಒಬ್ಬರೇ ಹೋದರೆ ಹೆಚ್ಚು ತೆರಬೇಕು. ಅದರ ಮೇಲೆ ಬಂದರು ಶುಲ್ಕ, ತೆರಿಗೆಗಳು ಇನ್ನೂರು ಡಾಲರನ್ನು ದಾಟಬಹುದು. ಹಡಗಿನ ಕೆಲಸಗಾರರಿಗಾಗಿ ದಿನಕ್ಕೆ ತಲೆಗೆ ಸುಮಾರು ೧೬ರಿಂದ ೨೦ ಡಾಲರ್ ಸೇವಾಶುಲ್ಕವೂ ಸೇರುತ್ತದೆ. ಮದ್ಯ, ಜೂಜುಕಟ್ಟೆ, ಛಾಯಾಚಿತ್ರ, ಅಂಗಡಿ ಇವು ಹಡಗಿನವರ ಇತರ ಆದಾಯದ ದಾರಿಗಳು. ಮೊದಲೆರಡರ ಗೊಡವೆ ನಮಗೆ ಮೊದಲೇ ಇಲ್ಲ. ಉಳಿದವುಗಳಿಂದ ದೂರವಿರುವುದು ಸಂಯಮದ ಮಾತು.

ನಾಲ್ಕನೆಯದು ರಹದಾರಿ. ವಿದೇಶದಲ್ಲಿ ನೋಂದಾಯಿತವಾದ ಹಡಗು ಅಮೆರಿಕೆಯಲ್ಲಿ ಹೊರಟು ಅಮೆರಿಕೆಯ ಬಂದರುಗಳನ್ನಷ್ಟೇ ಸುತ್ತಿ ಮರಳುವಂತಿಲ್ಲವೆಂದು ೧೮೮೬ರ ಕಾನೂನೊಂದಿದೆ. ಆದುದರಿಂದ ಸಿಯಾಟಲಿನಿಂದ ಹೊರಡುವ ಇಂತಹ ಹಡಗು ಕೆನಡಾದ ವಿಕ್ಟೋರಿಯಾದಂತಹ ಒಂದು ಬಂದರನ್ನು ಮುಟ್ಟಿಬರುತ್ತದೆ. ಕೆಲವು ಗಂಟೆಗಳ ಈ ನಿಲುಗಡೆಗಾಗಿ ಭಾರತೀಯ ರಹದಾರಿಯುಳ್ಳವರು ಕೆನಡಾದ ವೀಸಾವನ್ನೂ ಪಡೆಯಬೇಕಾಗುತ್ತದೆ. ಇದಕ್ಕೆ ತಿಂಗಳುಗಳ ಮೊದಲೇ ಅರ್ಜಿ ಹಾಕುವುದು ಲೇಸು. ವೃದ್ಧರು ಪ್ರವಾಸ ವಿಮೆಯಿಲ್ಲದೆ ಹೊರಡಲೇಬಾರದು. ಹಡಗಿನ ವೈದ್ಯರಿಗೆ ಹಣ ತೆರಬೇಕು. ತುರ್ತಿನಲ್ಲಿ ದಡಕ್ಕೆ ಸಾಗಿಸುವ ವೆಚ್ಚವಂತೂ ಸಾಮಾನ್ಯರ ಕೈಗೆಟುಕದು.

ಇನ್ನೂ ಸರಳವಾಗಿ ಹೋಗಬಯಸುವ ತರುಣರಿಗೆ ಬೇರೊಂದು ದಾರಿಯುಂಟು. ಅಲಾಸ್ಕಾ ಸರ್ಕಾರವೇ ೧೯೬೩ರಿಂದ ದೋಣಿಸಾರಿಗೆಯನ್ನು ನಡೆಸುತ್ತಿದೆ. ಸಿಯಾಟಲಿನ ಉತ್ತರಕ್ಕಿರುವ ಬೆಲ್ಲಿಂಗ್‌ಹ್ಯಾಮ್ ಬಂದರಿನಿಂದ ಅದು ಹೊರಡುತ್ತದೆ. ಕೋಣೆ ಪಡೆಯದೆ, ಅಟ್ಟದ ಮೇಲೆ ಗುಡಾರ ಹಾಕಿಕೊಂಡು ಮಲಗಿ ಹೋಗುವವರೂ ಇದ್ದಾರೆ. ಆದರೆ ಅದರಲ್ಲಿ ಊಟಕ್ಕೆ ಬೇರೆ ಹಣ; ಹಿಮನದಿಗಳ ಮುಂದೆ ಅದು ನಿಲ್ಲುವುದೂ ಇಲ್ಲ. ನಮ್ಮ ಮೊಣಕಾಲುಗಳು ಗುಡಾರಕ್ಕೆ ಒಪ್ಪಲಿಲ್ಲ.

ಬಟ್ಟೆಯ ವಿಷಯದಲ್ಲಿ ಹೇಳುವುದಾದರೆ, ದಪ್ಪನೆಯ ಒಂದು ಕೋಟಿಗಿಂತ ತೆಳುವಾದ ಮೂರು ಪದರಗಳು ಮೇಲು. ಮೈಗಂಟುವ ಒಳ ಉಣ್ಣೆ, ಅದರ ಮೇಲೆ ಸ್ವೆಟರ್, ಹೊರಗೆ ಮಳೆ-ಗಾಳಿ ತಡೆಯುವ ಅಂಗಿ. ಇವುಗಳಲ್ಲಿ ಎರಡನ್ನು ಮಗಳ ಸ್ನೇಹಿತೆಯರಿಂದ ಎರವಲು ತಂದೆವು. ನಮ್ಮ ಮನೆಯವರು ಉಣ್ಣೆಯ ಷರಾಯಿಯ ಮೇಲೆ ಸೀರೆಯುಟ್ಟು, ಕಾಲಿಗೆ ಬೂಟು ಹಾಕಿಕೊಂಡೇ ಏಳು ದಿನ ಕಳೆದರು.

ಹೊರಡುವ ಮುನ್ನ ಪರಿಚಿತರೊಬ್ಬರು ಇನ್ನೊಂದು ಉಪಾಯ ಹೇಳಿದರು. "ಆ ಸೇವಾಶುಲ್ಕ ಕಡ್ಡಾಯವಲ್ಲ. ಕೊನೆಯ ದಿನ ಕಚೇರಿಯಲ್ಲಿ ಹೇಳಿದರೆ ತೆಗೆದುಹಾಕುತ್ತಾರೆ. ಇಬ್ಬರಿಗೂ ಸೇರಿ ಇನ್ನೂರು ಡಾಲರಿಗೂ ಮಿಕ್ಕಿ ಉಳಿಯುತ್ತದೆ." ನಮ್ಮ ಲೆಕ್ಕದ ಪುಸ್ತಕದಲ್ಲಿ ಅದನ್ನು ಉಳಿತಾಯವೆಂದೇ ಬರೆದುಕೊಂಡೆವು.

ಸಿಯಾಟಲಿನಿಂದ ಹೊರಟ ಹಡಗು ತೆರೆದ ಸಾಗರದಲ್ಲಿ ಸಾಗಿದಾಗ ಮೊದಲ ರಾತ್ರಿ ಸ್ವಲ್ಪ ತೂಗಾಡಿತು. ಬೆಳಿಗ್ಗೆ ಮಿಂದು ಪೂಜೆಗೆ ಕುಳಿತೆವು. ಹಡಗಿನಲ್ಲಿ ಬೆಂಕಿಗೆ ಅವಕಾಶವಿಲ್ಲ. ಊದುಬತ್ತಿ, ದೀಪ, ಕರ್ಪೂರ ಎಲ್ಲವೂ ನಿಷಿದ್ಧ; ಪತ್ರೆ-ಪುಷ್ಪಗಳೂ ಇಲ್ಲ. ಕರಸ್ಥಲದಲ್ಲಿ ಇಷ್ಟಲಿಂಗ, ಹಣೆಯಲ್ಲಿ ವಿಭೂತಿ, ಲೋಟದಲ್ಲಿ ನೀರು. ಅಷ್ಟರಲ್ಲೇ ಮನಸ್ಸು ನಿಂತಿತು. ಗುಡಿಯನ್ನು ಹುಡುಕಿ ಹೋಗಬೇಕಿಲ್ಲದ ಧರ್ಮವನ್ನು ಶರಣರು ನಮಗೆ ಕೊಟ್ಟಿರುವರೆಂಬುದು ಆ ಕಿಟಕಿಯಿಲ್ಲದ ಕೋಣೆಯಲ್ಲಿ ನಮಗೆ ಹೊಸದಾಗಿ ಮನವರಿಕೆಯಾಯಿತು.

ಸಸ್ಯಾಹಾರವೆಂದು ಟಿಕೆಟ್ ಪಡೆಯುವಾಗಲೇ ತಿಳಿಸಿದ್ದೆವು. ಎರಡನೆಯ ದಿನ ಬಡಿಸಲು ಬಂದ ಯುವಕ ನಮ್ಮ ಮಾತು ಕೇಳಿ, "ನೀವು ಕನ್ನಡದವರಾ ಸಾರ್?" ಎಂದ. ಕುಂದಾಪುರದ ಕಡೆಯವನು. ಅಂದಿನಿಂದ ದಿನವೂ ಅಡುಗೆಯವರಿಗೆ ಹೇಳಿ ಅನ್ನ, ಬೇಳೆ, ಪಲ್ಯಗಳನ್ನು ಮಾಡಿಸಿ ತಂದ. ಎಂಟು ತಿಂಗಳ ಕರಾರು, ದಿನಕ್ಕೆ ಹತ್ತು ಗಂಟೆಗೂ ಮೀರಿದ ದುಡಿಮೆ, ವಾರದ ರಜೆಯೆಂಬುದಿಲ್ಲ. ಮಗು ಹುಟ್ಟಿದ ಸುದ್ದಿಯನ್ನು ಅವನು ಸಮುದ್ರದ ಮೇಲೆಯೇ ಕೇಳಿದ್ದನಂತೆ. "ಸಂಬಳಕ್ಕಿಂತ ನೀವೆಲ್ಲ ಕೊಡುವ ಆ ಶುಲ್ಕದ ಪಾಲೇ ನಮಗೆ ಆಧಾರ ಸಾರ್" ಎಂದು ಸಹಜವಾಗಿ ನುಡಿದು ತಟ್ಟೆಗಳನ್ನು ಎತ್ತಿಕೊಂಡು ಹೋದ. ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು.

ಜೂನೋ ನಗರದಲ್ಲಿ ಹಡಗಿನವರ ದುಬಾರಿ ಪ್ರವಾಸವನ್ನು ಬಿಟ್ಟು ಊರಿನ ಬಸ್ಸು ಹತ್ತಿದೆವು. ಕೊನೆಯಲ್ಲಿ ಒಂದೂವರೆ ಮೈಲಿಯಷ್ಟು ನಡೆದರೆ ಮೆಂಡೆನ್‌ಹಾಲ್ ಹಿಮನದಿಯ ನೋಟ. ಅದರ ಮುಂದಿರುವ ಸರೋವರ ನೂರು ವರ್ಷಗಳ ಹಿಂದೆ ಇರಲೇ ಇಲ್ಲ; ಹಿಮ ಹಿಂದೆ ಸರಿದಂತೆ ನೀರು ನಿಂತು ಆದದ್ದು. ಹಿಮನದಿಯ ಪಕ್ಕದ ಕಣಿವೆಯೊಂದರಲ್ಲಿ ಕೂಡಿಕೊಂಡ ನೀರು ಒಮ್ಮೆಲೇ ನುಗ್ಗಿ, ೨೦೨೩ರ ಆಗಸ್ಟಿನಲ್ಲಿ ಹೊಳೆಯ ದಡದ ಮನೆ ಕುಸಿದುಬಿದ್ದಿತ್ತು. ಮರುವರ್ಷದ ಆಗಸ್ಟಿನಲ್ಲಿ, ಅಂದರೆ ನಾವು ಹೋಗುವ ಕೆಲವೇ ವಾರಗಳ ಮುಂಚೆ, ನೂರಾರು ಮನೆಗಳಿಗೆ ನೀರು ಹೊಕ್ಕಿತ್ತು. ಸುಮಾರು ಮೂವತ್ತು ಸಾವಿರ ಜನರ ಆ ಊರಿಗೆ ೨೦೨೩ರಲ್ಲಿ ಹದಿನಾರು ಲಕ್ಷಕ್ಕೂ ಹೆಚ್ಚು ಹಡಗುಯಾತ್ರಿಕರು ಬಂದಿದ್ದರು. ಅತಿಥಿಗಳಾದ ನಾವು ಎಷ್ಟು ಮೆಲ್ಲಗೆ ಹೆಜ್ಜೆಯಿಡಬೇಕೆಂದು ಯೋಚಿಸುವಂತಾಯಿತು.

ಮುಂದಿನ ಬಂದರು ಸ್ಕ್ಯಾಗ್ವೆ. ೧೮೯೬ರಲ್ಲಿ ಕೆನಡಾದ ಕ್ಲೋಂಡೈಕ್ ಪ್ರದೇಶದಲ್ಲಿ ಚಿನ್ನ ಸಿಕ್ಕಾಗ ಸಾವಿರಾರು ಜನ ಈ ಊರಿನ ಮೂಲಕವೇ ಬೆಟ್ಟ ಹತ್ತಿದರು. ಒಂದು ವರ್ಷದ ಆಹಾರವಿಲ್ಲದವರನ್ನು ಕೆನಡಾದ ಪೊಲೀಸರು ಗಡಿ ದಾಟಗೊಡುತ್ತಿರಲಿಲ್ಲ. ಸಾಮಾನು ಸರಂಜಾಮು ಸೇರಿ ತಲೆಗೆ ಸುಮಾರು ಒಂದು ಟನ್ ಹೊರೆ. ಅದನ್ನು ಹಲವು ಸಲ ಹತ್ತಿಳಿದು ಸಾಗಿಸಬೇಕಾಗಿತ್ತು. ಬಹುತೇಕರಿಗೆ ಚಿನ್ನ ದೊರೆಯಲಿಲ್ಲ. ಅಲ್ಲಿನ ಪುಟ್ಟ ರೈಲಿನ ಟಿಕೆಟ್ ನಮ್ಮ ಲೆಕ್ಕ ಮೀರಿತ್ತು. ಉಚಿತವಾಗಿ ತೆರೆದಿರುವ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಈ ಕಥೆಯನ್ನು ನೋಡಿ ತೃಪ್ತರಾದೆವು.

ಐದನೆಯ ದಿನ ಗ್ಲೇಸಿಯರ್ ಬೇ ಎಂಬ ರಾಷ್ಟ್ರೀಯ ಉದ್ಯಾನ. ಹಡಗನ್ನು ಆಯುವಾಗ ಈ ಕೊಲ್ಲಿಯ ಹೆಸರು ಪಟ್ಟಿಯಲ್ಲಿದೆಯೇ ಎಂದು ನೋಡುವುದು ಅಗತ್ಯ. ದಿನಕ್ಕೆ ಎರಡು ದೊಡ್ಡ ಹಡಗುಗಳಿಗೆ ಮಾತ್ರ ಅಲ್ಲಿ ಪ್ರವೇಶ. ಉದ್ಯಾನದ ಅಧಿಕಾರಿಗಳೇ ಹಡಗನ್ನೇರಿ ವಿವರಿಸುತ್ತಾರೆ. ಸುಮಾರು ೧೭೫೦ರಲ್ಲಿ ಈ ಇಡೀ ಕೊಲ್ಲಿ ಹಿಮದಿಂದ ತುಂಬಿತ್ತು. ಮುನ್ನುಗ್ಗಿ ಬಂದ ಹಿಮ ಹೂನಾ ಟ್ಲಿಂಗಿಟ್ ಎಂಬ ಮೂಲನಿವಾಸಿಗಳನ್ನು ಅವರ ಊರಿನಿಂದ ಹೊರದೂಡಿತ್ತು. ಬಳಿಕ ಅದೇ ಹಿಮ ಹಿಂದೆ ಸರಿಯುತ್ತ, ೧೯೧೬ರ ಹೊತ್ತಿಗೆ ಸುಮಾರು ೬೫ ಮೈಲಿ ಒಳಕ್ಕೆ ಹೋಗಿತ್ತು. ಆ ಜನರ ಸಭಾಗೃಹವೊಂದು ಅವರ ಪೂರ್ವಿಕರ ಆ ನೆಲದಲ್ಲಿ ಮತ್ತೆ ಎದ್ದು ನಿಂತದ್ದು ೨೦೧೬ರಲ್ಲಿ.

ಹಡಗು ಮಾರ್ಜರಿ ಹಿಮನದಿಯ ಮುಂದೆ ನಿಂತಿತು. ಒಂದು ಮೈಲಿ ಅಗಲ, ನೀರಿನ ಮೇಲೆ ಸುಮಾರು ೨೫೦ ಅಡಿ ಎತ್ತರದ ಹಿಮದ ಗೋಡೆ. ಒತ್ತಿ ಗಟ್ಟಿಯಾದ ಹಿಮ ಬೆಳಕಿನ ಕೆಂಪನ್ನು ಹೀರಿ ನೀಲಿಯನ್ನು ಬಿಡುವುದರಿಂದ ಬಿರುಕುಗಳೆಲ್ಲ ನೀಲಿ. ಸಾವಿರಾರು ಜನರಿದ್ದರೂ ಅಟ್ಟದ ಮೇಲೆ ಸದ್ದಿರಲಿಲ್ಲ. ಅಷ್ಟರಲ್ಲಿ ಗುಡುಗಿದಂತಾಗಿ ಒಂದು ಬಂಡೆ ಕಳಚಿ ನೀರಿಗೆ ಬಿದ್ದಿತು. ಮೊದಲು ನೋಟ, ಅನಂತರ ಶಬ್ದ. ಸ್ಥಾವರವೆಂದು ನಾವು ಕೈಮುಗಿಯಲಿದ್ದ ಆ ಪರ್ವತ ಚಲಿಸುತ್ತಿತ್ತು, ಅಳಿಯುತ್ತಲೂ ಇತ್ತು. ನಮ್ಮ ಮನೆಯವರು ಕೈಯುಜ್ಜಿಕೊಳ್ಳುತ್ತ, "ಏನ್ರೀ, ನಮ್ಮ ಮೊಮ್ಮಗಳು ದೊಡ್ಡವಳಾದ ಮೇಲೆ ಬಂದರೆ ಇದು ಇಷ್ಟೇ ಇರುತ್ತದೆಯೇ?" ಎಂದರು. ಉತ್ತರ ಹೇಳಲಾಗಲಿಲ್ಲ.

ಕೆಚಿಕನ್ ಊರಿನಲ್ಲಿ ಹೊಳೆಯೇರುವ ಮೀನುಗಳನ್ನು ಸೇತುವೆಯಿಂದಲೇ ಮಳೆಯಲ್ಲಿ ನಿಂತು ಕಂಡೆವು. ವಿಕ್ಟೋರಿಯಾವನ್ನೂ ಮುಟ್ಟಿದ್ದಾಯಿತು. ಕೊನೆಯ ರಾತ್ರಿ ಲೆಕ್ಕದ ಪುಸ್ತಕ ತೆರೆದಾಗ ಆ ಸೇವಾಶುಲ್ಕದ ಉಳಿತಾಯ ಅಲ್ಲೇ ಕಾದಿತ್ತು. ಕಾಯಕವೇ ಕೈಲಾಸವೆಂದು ಮಕ್ಕಳಿಗೆ ಹೇಳುತ್ತ ಬಂದವರು ನಾವು. ಇನ್ನೊಬ್ಬರ ಕಾಯಕದ ಫಲವನ್ನು ಕಸಿದು ನಮ್ಮ ಯಾತ್ರೆಯನ್ನು ಅಗ್ಗ ಮಾಡಿಕೊಳ್ಳುವುದು ಯಾವ ಮಿತವ್ಯಯ? ಆ ಸಾಲನ್ನು ಹೊಡೆದುಹಾಕಿ, ಶುಲ್ಕವನ್ನು ಪೂರ್ತಿ ಉಳಿಸಿದೆವು. ಅದನ್ನು ಸರಿದೂಗಿಸಲು, ಮನೆಗೆಂದು ಆರಿಸಿಟ್ಟಿದ್ದ ನೆನಪಿನ ಕಾಣಿಕೆಗಳನ್ನು ಬಿಟ್ಟೆವು. ನಮ್ಮ ನಿಯಮವೂ ಮುರಿಯಲಿಲ್ಲ.

ಹೋಗಬಯಸುವ ಬಂಧುಗಳಿಗೆ ನಮ್ಮ ಬಿನ್ನಹವಿಷ್ಟೇ. ತಿಂಗಳಿನಲ್ಲಿ ಉಳಿಸಿರಿ, ಕೋಣೆಯಲ್ಲಿ ಉಳಿಸಿರಿ, ಅಂಗಡಿಯಲ್ಲಿ ಉಳಿಸಿರಿ. ವಿಮೆಯಲ್ಲಿ, ಬೆಚ್ಚನೆಯ ಬಟ್ಟೆಯಲ್ಲಿ, ದುಡಿಯುವವರ ಪಾಲಿನಲ್ಲಿ ಉಳಿಸದಿರಿ. ಇಳಿಯುವಾಗ ಕುಂದಾಪುರದ ಆ ಹುಡುಗ ಬಾಗಿಲವರೆಗೆ ಬಂದು ಕೈಮುಗಿದ. ಅವನ ಕಣ್ಣನ್ನು ನೋಡಿ ಶರಣು ಹೇಳಲು ನಮಗೆ ಸಂಕೋಚವಾಗಲಿಲ್ಲ.